ಕಡಲ ಬದಿಯಿಂದ ಹಿಮದ ಶಿಖರಕ್ಕೆ: ನನ್ನ ಅನುಭವ

ಕಾಸರಗೋಡಿನಿಂದ ಹಿಮಾಲಯ ಹತ್ತಲು ಹೋಗುತ್ತೇನೆ ಎಂದರೆ ಎಲ್ಲರೂ ಮೊದಲು ಕೇಳುವುದು ಚಳಿಯ ವಿಷಯ. ಚಳಿಗೆ ಬಟ್ಟೆ ಇದೆ. ನಮ್ಮಂಥವರು ನಿಜವಾಗಿ ಯೋಚಿಸಬೇಕಾದದ್ದು ಗಾಳಿಯ ಬಗ್ಗೆ. ಇಡೀ ಕೇರಳದಲ್ಲಿ ಅತಿ ಎತ್ತರದ ಬೆಟ್ಟ ಆನಮುಡಿ, 2695 ಮೀಟರ್. ನಾನು ಹತ್ತಿದ್ದು ಮನಾಲಿಯ ಹತ್ತಿರದ ಫ್ರೆಂಡ್‌ಶಿಪ್ ಪೀಕ್. ಅದಕ್ಕೆ ಹೋಗುವಾಗ ಮೊದಲ ಟೆಂಟ್ ಹಾಕುವ ಜಾಗವೇ ಆನಮುಡಿಗಿಂತ ಮೇಲಿದೆ. ಶಿಖರ 5289 ಮೀಟರ್. ಅಲ್ಲಿ ಗಾಳಿಯ ಒತ್ತಡ ನಮ್ಮೂರಿನದರ ಹೆಚ್ಚುಕಡಿಮೆ ಅರ್ಧ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ನೂರಕ್ಕೆ 21ರಷ್ಟೇ. ಆದರೆ ಒತ್ತಡ ಇಳಿದಂತೆ ಒಂದೊಂದು ಉಸಿರಿಗೆ ದಕ್ಕುವುದು ಕಡಿಮೆಯಾಗುತ್ತಾ ಹೋಗುತ್ತದೆ.

ನಾನು ಬದಿಯಡ್ಕದ ಬದಿಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ವಯಸ್ಸು ನಲವತ್ತು ದಾಟಿದೆ. ಜೊತೆಗೆ ಬಂದವನು ಅಣ್ಣನ ಮಗ, ಕಾಲೇಜಿನ ಕಬಡ್ಡಿ ಆಟಗಾರ. ನಮಗೆ ಏಪ್ರಿಲ್, ಮೇ ರಜೆ. ಈ ಶಿಖರಕ್ಕೆ ಮೇ, ಜೂನ್ ಒಳ್ಳೆಯ ಕಾಲ. ಮಳೆಗಾಲ ಕಳೆದು ಸೆಪ್ಟೆಂಬರ್, ಅಕ್ಟೋಬರಿನಲ್ಲಿಯೂ ಹೋಗುತ್ತಾರೆ. ರಜೆ ಹೊಂದಿಕೊಂಡಿತು ಎಂದು ಮೇ ತಿಂಗಳನ್ನೇ ಆರಿಸಿದೆವು.

ಈ ಶಿಖರವನ್ನು ಹೊಸಬರೂ ಹತ್ತಬಹುದು ಎನ್ನುತ್ತಾರೆ. ಆ ಮಾತು ಸರಿ, ಆದರೆ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಕಡಿದಾದ ಬಂಡೆಗೆ ನೇತಾಡುವ ಕೆಲಸ ಇಲ್ಲ. ಮಂಜುಗಡ್ಡೆಯ ಗೋಡೆ ಹತ್ತಲಿಕ್ಕಿಲ್ಲ. ದಾರಿಯೆಲ್ಲ ಹಿಮದ ಇಳಿಜಾರು. ಬೇಕಾದ ಕೌಶಲ ಒಂದೆರಡು ದಿನದಲ್ಲಿ ಕಲಿಯಬಹುದು. ಸುಲಭ ಅನ್ನುವುದು ಅಷ್ಟಕ್ಕೆ ಮಾತ್ರ. ಎತ್ತರ ಯಾರಿಗೂ ಸುಲಭ ಆಗುವುದಿಲ್ಲ. ಹಳಬರಿಗೂ ಇಲ್ಲ, ಹೊಸಬರಿಗೂ ಇಲ್ಲ.

ಅದಕ್ಕೇ ಕರೆದುಕೊಂಡು ಹೋಗುವವರನ್ನು ಆರಿಸುವಾಗ ನಾನು ಜಾಸ್ತಿ ಹೊತ್ತು ತೆಗೆದುಕೊಂಡೆ. ದರ ಕೇಳುವ ಮೊದಲು ಗೈಡಿನ ವಿಷಯ ಕೇಳಿದೆ. ಅವರು ಎಲ್ಲಿ ಕಲಿತವರು? ಮನಾಲಿಯಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಕಾಶಿಯಲ್ಲಿ ನೆಹರೂ ಸಂಸ್ಥೆ, ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಸಂಸ್ಥೆ ಇವೆ. ಇಂಥ ಕಡೆ ಬೇಸಿಕ್ ಮತ್ತು ಅಡ್ವಾನ್ಸ್ ಕೋರ್ಸ್ ಮುಗಿಸಿದವರು ಬೇಕು. ಒಬ್ಬ ಗೈಡಿಗೆ ಎಷ್ಟು ಜನ? ಆಮ್ಲಜನಕದ ಸಿಲಿಂಡರ್ ಕೊನೆಯ ಶಿಬಿರದವರೆಗೆ ಬರುತ್ತದೋ, ಕೆಳಗಿನ ಜೀಪಿನಲ್ಲೇ ಉಳಿಯುತ್ತದೋ? ಹವಾಮಾನ ಕೆಟ್ಟರೆ ಕಾಯಲು ಒಂದು ಹೆಚ್ಚುವರಿ ದಿನ ಇದೆಯೋ? ಒಬ್ಬರಿಗೆ ಹುಷಾರು ತಪ್ಪಿದರೆ ಅವರ ಜೊತೆ ಇಳಿಯಲು ಬೇರೆ ಗೈಡ್ ಇದ್ದಾರೋ? ಈ ಕೊನೆಯ ಪ್ರಶ್ನೆಗೆ ಒಂದು ಕಡೆಯವರು "ಹಾಗೆಲ್ಲ ಆಗುವುದಿಲ್ಲ ಮೇಡಂ" ಎಂದರು. ಅಲ್ಲಿಗೆ ಅವರನ್ನು ಬಿಟ್ಟೆ. ಇನ್ನೊಂದು ಕಡೆಯವರು ಒಂದೊಂದಕ್ಕೂ ಉತ್ತರ ಕೊಟ್ಟು, ಕೊನೆಗೆ ನನ್ನನ್ನೇ ಪ್ರಶ್ನೆ ಕೇಳಲು ಶುರು ಮಾಡಿದರು. ಬಿಪಿ ಇದೆಯಾ, ಮಂಡಿ ನೋವಿದೆಯಾ, ದಿನಕ್ಕೆ ಎಷ್ಟು ನಡೆಯುತ್ತೀರಿ. ಅವರ ಜೊತೆ ಹೋದೆವು.

ತಯಾರಿ ಶುರು ಮಾಡಿದ್ದು ಡಿಸೆಂಬರಿನ ಹೊತ್ತಿಗೆ. ಎತ್ತರಕ್ಕೆ ಮೈ ಒಗ್ಗಿಸುವುದು ಊರಿನಲ್ಲಿ ಆಗದ ಕೆಲಸ. ಊರಿನಲ್ಲಿ ಮಾಡಬಹುದಾದದ್ದು ಕಾಲು ಗಟ್ಟಿ ಮಾಡಿಕೊಳ್ಳುವುದು ಮತ್ತು ದಮ್ಮು ಬೆಳೆಸುವುದು. ಅದಕ್ಕೆ ಜಿಮ್ ಬೇಕೆಂದಿಲ್ಲ. ನಮ್ಮ ಮನೆ ಗುಡ್ಡೆಯಲ್ಲಿ, ಅಡಿಕೆ ತೋಟ ಕೆಳಗಿನ ಕಣಿವೆಯಲ್ಲಿ. ನಡುವೆ ಮುರಕಲ್ಲಿನ ಮೆಟ್ಟಿಲು. ಬೆಳಗ್ಗೆ ಬಿಸಿಲು ಏರುವ ಮುಂಚೆ ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಂಡು ಅದನ್ನೇ ಹತ್ತಿ ಇಳಿಯುತ್ತಿದ್ದೆ. ವಾರ ವಾರ ಒಂದು ಬಾಟಲಿ ಜಾಸ್ತಿ. ಭಾನುವಾರ ಪೊಸಡಿಗುಂಪೆ ಗುಡ್ಡ. ಒಮ್ಮೊಮ್ಮೆ ರಾಣಿಪುರಂ ಬೆಟ್ಟ. ನಡೆಯುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದು ಲೆಕ್ಕ. ಈ ಅಭ್ಯಾಸ ಮೇಲೆ ತುಂಬಾ ಉಪಯೋಗಕ್ಕೆ ಬಂತು.

ಕೊನೆಯ ಪರೀಕ್ಷೆಗೆ ಕುಮಾರಪರ್ವತ. ಅದಕ್ಕೊಂದು ಕಾರಣ ಇದೆ. ಫ್ರೆಂಡ್‌ಶಿಪ್ ಶಿಖರದ ಕೊನೆಯ ಶಿಬಿರ ಇರುವುದು ಸುಮಾರು 3900 ಮೀಟರಿನಲ್ಲಿ. ಅಲ್ಲಿಂದ ತುದಿಗೆ ಹತ್ತಿರ ಹತ್ತಿರ 1400 ಮೀಟರ್ ಏರಬೇಕು, ಅದೇ ದಿನ ಇಳಿದೂ ಬರಬೇಕು. ಕುಮಾರಪರ್ವತ 1712 ಮೀಟರ್. ಕುಕ್ಕೆಯಿಂದ ಹೊರಟರೆ ಏರುವುದು 1500 ಮೀಟರಿಗೂ ಮೇಲೆ. ಏರಿನ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ, ಗಾಳಿ ಮತ್ತು ಹಿಮ ಮಾತ್ರ ಬೇರೆ. ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡು ಹೋಗಿ ಬಂದೆವು. ಅಣ್ಣನ ಮಗ ದಾರಿ ನಡುವಿನ ಗಿರಿಗದ್ದೆಗೆ ನನಗಿಂತ ಎಷ್ಟೋ ಮೊದಲೇ ತಲುಪಿ ಕಾಯುತ್ತಾ ಕೂತಿದ್ದ. ಮರುದಿನ ಮೆಟ್ಟಿಲು ಇಳಿಯಲು ನನ್ನ ಮಂಡಿ ತಕರಾರು ಮಾಡಲಿಲ್ಲ. ಹೋಗಬಹುದು ಅನ್ನುವ ಧೈರ್ಯ ಬಂದದ್ದು ಆಗ.

ಡಾಕ್ಟರ ಹತ್ತಿರವೂ ಹೋದೆವು. ಅಸೆಟಜೋಲಮೈಡ್ ಎನ್ನುವ ಮಾತ್ರೆ ಇದೆ, ಡಯಾಮಾಕ್ಸ್ ಹೆಸರಿನಲ್ಲಿ ಸಿಗುತ್ತದೆ. ಎತ್ತರಕ್ಕೆ ಮೈ ಬೇಗ ಒಗ್ಗಲು ಸಹಾಯ ಮಾಡುತ್ತದೆ. ಬೆರಳ ತುದಿ ಜುಮುಜುಮು ಎನ್ನುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ಸಲ್ಫಾ ಮದ್ದಿನ ಅಲರ್ಜಿ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಯಾರೋ ತೆಗೆದುಕೊಂಡರು ಎಂದು ಸುಮ್ನೆ ನುಂಗುವ ಮಾತ್ರೆ ಇದಲ್ಲ.

ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ನಿಜಾಮುದ್ದೀನಿನಲ್ಲಿ ಇಳಿದು, ದೆಹಲಿಯಿಂದ ರಾತ್ರಿ ಬಸ್ಸಿನಲ್ಲಿ ಮನಾಲಿಗೆ ಹೋದೆವು. ಮನಾಲಿ ಸುಮಾರು 2000 ಮೀಟರ್. ಅಲ್ಲಿ ಸುಮ್ಮನಿದ್ದು ಊರು ಸುತ್ತುವುದೂ ತಯಾರಿಯೇ. ಆಮೇಲೆ ಸೋಲಂಗ್ ಕಣಿವೆ ದಾಟಿ ಧುಂಡಿಯವರೆಗೆ ವಾಹನ. ಅಟಲ್ ಸುರಂಗದ ಈಚೆಯ ಬಾಯಿ ಇರುವುದು ಅಲ್ಲೇ ಹತ್ತಿರ. ಅಲ್ಲಿಂದ ಬಿಯಾಸ್ ನದಿಯ ಜೊತೆಗೇ ನಡೆದರೆ ಬಕರ್‌ಥಾಚ್, ಕುರಿಗಾಹಿಗಳ ಹುಲ್ಲುಗಾವಲು, ಸುಮಾರು 3300 ಮೀಟರ್. ಅದರ ಮೇಲಿನ ಕೊನೆಯ ಶಿಬಿರಕ್ಕೆ ಲೇಡಿ ಲೆಗ್ ಎನ್ನುತ್ತಾರೆ.

ಎತ್ತರದಲ್ಲಿ ಒಂದು ನಿಯಮ ಇದೆ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಹಗಲು ಇನ್ನೂ ಮೇಲೆ ಹೋಗಿ ಬರಬಹುದು, ರಾತ್ರಿ ಕೆಳಗೆ ಬಂದು ಮಲಗಬೇಕು. ಬಕರ್‌ಥಾಚ್‌ನಿಂದ ಲೇಡಿ ಲೆಗ್‌ಗೆ ಈ ಲೆಕ್ಕ ಸ್ವಲ್ಪ ಮೀರುತ್ತದೆ. ಅದಕ್ಕೇ ನಮ್ಮ ಗೈಡ್ ಬಕರ್‌ಥಾಚ್‌ನಲ್ಲಿ ಒಂದು ದಿನ ಹೆಚ್ಚು ನಿಲ್ಲಿಸಿ, ಹಗಲು ಮೇಲೆ ಕರೆದುಕೊಂಡು ಹೋಗಿ ಸಂಜೆ ಇಳಿಸಿದರು. ನಡೆಯುವಾಗ ನನಗೆ ದಿನವಿಡೀ ಕೇಳಿಸುತ್ತಿದ್ದದ್ದು ಒಂದೇ ಮಾತು: "ದೀದಿ, ಆರಾಮ್ ಸೇ", ಅಂದರೆ ಅಕ್ಕ, ನಿಧಾನಕ್ಕೆ. ಅಣ್ಣನ ಮಗನಿಗೆ ಅದನ್ನೇ ಜೋರಾಗಿ ಹೇಳಬೇಕಾಗುತ್ತಿತ್ತು. ಅವನ ಕಾಲಿಗೆ ನಿಧಾನ ಅನ್ನುವುದೇ ಗೊತ್ತಿಲ್ಲ.

ನೀರಿನ ವಿಷಯ, ಮುಖ್ಯವಾಗಿ ಹೆಂಗಸರಿಗೆ, ಹೇಳಲೇಬೇಕು. ರಾತ್ರಿ ಚಳಿಯಲ್ಲಿ ಟೆಂಟಿನಿಂದ ಹೊರಗೆ ಹೋಗಬೇಕಲ್ಲ ಎಂದು ಸಂಜೆಯಿಂದ ನೀರು ಬಿಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿನ ಒಣ ಗಾಳಿಯಲ್ಲಿ ಉಸಿರಾಡಿದ್ದಕ್ಕೇ ಮೈಯ ನೀರು ಹೋಗುತ್ತದೆ. ನಾನು ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿದೆ. ರಾತ್ರಿ ಏಳಬೇಕಾದಾಗ ಪಕ್ಕದ ಟೆಂಟಿನ ಗೆಳತಿಯನ್ನು ಎಬ್ಬಿಸಿ ಜೊತೆಯಲ್ಲಿ ಹೋದೆ.

ಊಟಕ್ಕೆ ಅವರು ಖಿಚಡಿ, ದಾಲ್, ರೊಟ್ಟಿ ಮಾಡುತ್ತಿದ್ದರು. ಅಷ್ಟು ಮೇಲೆ ನೀರು 90 ಡಿಗ್ರಿ ತಲುಪುವ ಮೊದಲೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಎತ್ತರದಲ್ಲಿ ಹಸಿವೂ ಸಾಯುತ್ತದೆ. ನಾನು ಮನೆಯಿಂದ ಒಯ್ದ ಮಾಂಬಳ, ಅಂದರೆ ಒಣಗಿಸಿದ ಮಾವಿನ ಹಣ್ಣಿನ ರಸ, ಆಗ ಕೈ ಹಿಡಿಯಿತು. ಹುಳಿ ಸಿಹಿ ಎರಡೂ ಇರುವ ಕಾರಣ ಬಾಯಿಗೆ ರುಚಿ ಹತ್ತುತ್ತದೆ, ಚಳಿಗೆ ಕಲ್ಲಾಗುವುದಿಲ್ಲ. ಇಡೀ ತಂಡಕ್ಕೆ ಹಂಚಿದೆ. ಇನ್ನೊಮ್ಮೆ ಹೋದರೆ ಎರಡರಷ್ಟು ಒಯ್ಯುತ್ತೇನೆ.

ಹಿಮದ ಮೇಲಿನ ಪಾಠ ಶಿಬಿರದ ಹತ್ತಿರದ ಇಳಿಜಾರಿನಲ್ಲಿ ನಡೆಯಿತು. ಬೂಟಿನ ಅಡಿಗೆ ಕ್ರಾಂಪಾನ್ ಎಂಬ ಉಕ್ಕಿನ ಹಲ್ಲು ಕಟ್ಟಿಕೊಂಡು ನಡೆಯುವುದು, ಕಾಲು ಅಗಲಿಸಿ ಇಡುವುದು. ಇಲ್ಲದಿದ್ದರೆ ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಬೀಳುತ್ತೇವೆ. ಐಸ್ ಆಕ್ಸ್ ಎಂಬ ಹಿಮದ ಕೊಡಲಿ ಹಿಡಿಯುವ ರೀತಿ. ಜಾರಿದರೆ ತಕ್ಷಣ ಹೊಟ್ಟೆ ಕೆಳಗಾಗಿ ಮಗುಚಿ, ಎದೆಯ ಭಾರವನ್ನೆಲ್ಲ ಕೊಡಲಿಯ ಮೇಲೆ ಹಾಕಿ ನಿಲ್ಲುವುದು. ಇದನ್ನು ಮತ್ತೆ ಮತ್ತೆ ಬೇಕೆಂದೇ ಜಾರಿ ಕಲಿತೆವು. ಯೋಚಿಸಲು ಹೊತ್ತೇ ಸಿಗದ ಜಾಗದಲ್ಲಿ ಮೈ ತಾನಾಗಿ ತಿರುಗಬೇಕು, ಅದಕ್ಕೆ. ಆಮೇಲೆ ರೆಸ್ಟ್ ಸ್ಟೆಪ್. ಕೆಳಗಿನ ಕಾಲನ್ನು ನೆಟ್ಟಗೆ ಮಾಡಿ ಮೂಳೆಯ ಮೇಲೆ ಭಾರ ಬಿಡುವುದು, ಒಂದು ಉಸಿರು ತೆಗೆಯುವುದು, ಆಮೇಲೆ ಮುಂದಿನ ಹೆಜ್ಜೆ. ಅಡಿಕೆ ಮರ ಹತ್ತುವವರು ಕಾಲಿಗೆ ಹಾಕುವ ತಳೆಯ ಮೇಲೆ ಭಾರ ಬಿಟ್ಟು ಒಂದು ಕ್ಷಣ ನಿಂತು ಮತ್ತೆ ಏರುವ ಹಾಗೆಯೇ.

ಲೇಡಿ ಲೆಗ್ ತಲುಪಿದ ದಿನ ಮಧ್ಯಾಹ್ನ ಅಣ್ಣನ ಮಗನಿಗೆ ತಲೆನೋವು ಶುರುವಾಯಿತು. ನೀರು ಕುಡಿದ, ಮಲಗಿದ, ಕಡಿಮೆಯಾಗಲಿಲ್ಲ. ಸಂಜೆಗೆ ಮುಂಚೆ ವಾಂತಿ. ಗೈಡ್ ಬೆರಳಿಗೆ ಆಕ್ಸಿಮೀಟರ್ ಹಾಕಿದರು. ನಮ್ಮದೆಲ್ಲ ಎಂಬತ್ತರ ಮೇಲೆ ಇತ್ತು, ಅವನದು ಅದಕ್ಕಿಂತ ಕೆಳಗೆ. ನೆಲದಲ್ಲಿ ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ನಡೆಯಲು ಹೇಳಿದರು. ಮೆದುಳಿಗೆ ನೀರು ತುಂಬುವ ಲಕ್ಷಣ ಇದ್ದರೆ ಅಲ್ಲಿ ಓಲಾಡುತ್ತಾರಂತೆ. ಅವನು ನೇರ ನಡೆದ. ಆದರೂ ಗೈಡ್ ಹೇಳಿದರು, ಈಗಲೇ ಇಳಿಯಬೇಕು.

"ಬೆಳಿಗ್ಗೆ ಸರಿಯಾಗ್ತದೆ" ಎಂದು ಅವನು ಹಟ ಮಾಡಿದ. ಗೈಡ್ ಸಿಟ್ಟು ಮಾಡಲಿಲ್ಲ. ಈಗ ಬೆಳಕಿದೆ, ನಿನ್ನ ಕಾಲಿನಲ್ಲೇ ನಡೆದು ಇಳಿಯಬಹುದು. ರಾತ್ರಿ ಜಾಸ್ತಿಯಾದರೆ ಕತ್ತಲಲ್ಲಿ ಹೊತ್ತು ಇಳಿಸಬೇಕಾಗುತ್ತದೆ ಎಂದರು. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ನಾನೂ ಬ್ಯಾಗ್ ಕಟ್ಟಲು ಹೊರಟೆ. "ಅತ್ತೆ, ನೀವು ಹೋಗಿ. ನೀವೂ ಇಳಿದರೆ ನನಗೆ ಇನ್ನೂ ಬೇಜಾರು" ಎಂದ. ಎರಡನೇ ಗೈಡ್ ಅವನ ಜೊತೆ ಇಳಿದರು. ರಾತ್ರಿ ವಾಕಿಟಾಕಿಯಲ್ಲಿ ಬಕರ್‌ಥಾಚ್‌ನಿಂದ ಸುದ್ದಿ ಬಂತು: ತಲೆನೋವು ಇಳಿದಿದೆ, ಖಿಚಡಿ ಉಂಡಿದ್ದಾನೆ. ಬೇರೆ ಗೈಡ್ ಇದ್ದಾರೋ ಎಂದು ಮೊದಲೇ ಕೇಳಿದ್ದು ಇಂಥ ಹೊತ್ತಿಗೇ ಅಲ್ವಾ! ಎತ್ತರದ ಕಾಯಿಲೆಗೆ ವಯಸ್ಸು, ತಾಕತ್ತು ಲೆಕ್ಕಕ್ಕಿಲ್ಲ. ಯಾರಿಗೆ ಬರುತ್ತದೆ ಎಂದು ಮುಂಚೆ ಹೇಳಲಿಕ್ಕಾಗುವುದಿಲ್ಲ. ವೇಗವಾಗಿ ಏರಿದವರಿಗೆ ಬರುವ ಸಾಧ್ಯತೆ ಮಾತ್ರ ಜಾಸ್ತಿ. ಬಂದ ಮೇಲೆ ಇಳಿಯುವುದಕ್ಕಿಂತ ಒಳ್ಳೆಯ ಮದ್ದಿಲ್ಲ.

ತುದಿಗೆ ಹೊರಟದ್ದು ನಡುರಾತ್ರಿ ಕಳೆದು ಒಂದು ಗಂಟೆಗೆ. ಆ ಹೊತ್ತಿನಲ್ಲಿ ಹಿಮ ಗಟ್ಟಿ ಇರುತ್ತದೆ, ಕ್ರಾಂಪಾನ್ ಕಚ್ಚುತ್ತದೆ. ಬಿಸಿಲೇರಿದರೆ ಮೆತ್ತಗಾಗಿ ಮೊಣಕಾಲವರೆಗೆ ಹೂಳುತ್ತದೆ, ಹಿಮ ಕುಸಿಯುವ ಅಪಾಯವೂ ಹೆಚ್ಚು. ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದೆವು, ಹಿಮದ ಅಡಿಯಲ್ಲಿ ಬಿರುಕು ಇರಬಹುದು ಎಂದು. ಮೊಬೈಲು ಒಳ ಅಂಗಿಯ ಜೇಬಿನಲ್ಲಿ, ಚಳಿಗೆ ಬ್ಯಾಟರಿ ಇಳಿಯುತ್ತದೆ. ನೀರಿನ ಬಾಟಲಿ ತಲೆಕೆಳಗಾಗಿ, ಮೇಲ್ಭಾಗ ಮೊದಲು ಹೆಪ್ಪುಗಟ್ಟುವ ಕಾರಣ ಬಾಯಿ ಮುಚ್ಚಿಹೋಗಬಾರದಲ್ಲ. ಹತ್ತಿಬಟ್ಟೆ ಒಂದೂ ಇಲ್ಲ, ಬೆವರಿಗೆ ಒದ್ದೆಯಾದರೆ ಅದು ಒಣಗುವುದೇ ಇಲ್ಲ.

ತುದಿಗೆ ಹೋಗದಿದ್ದರೂ ಹನ್ನೊಂದು ಗಂಟೆಗೆ ತಿರುಗುವುದು ಎಂದು ಗೈಡ್ ಮೊದಲೇ ಎಲ್ಲರಿಂದ ಒಪ್ಪಿಗೆ ತೆಗೆದುಕೊಂಡಿದ್ದರು. ಕೊನೆಯ ಏರಿನಲ್ಲಿ ಒಂದು ಹೆಜ್ಜೆಗೆ ಮೂರು ಉಸಿರು ಬೇಕಾಯಿತು. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಮುಂದಿದ್ದವರು ನಿಂತರು. ಮುಂದೆ ಏರು ಇರಲಿಲ್ಲ. ಹನುಮಾನ್ ಟಿಬ್ಬಾ ಶಿಖರ ಎದುರಿಗೇ, ಆಚೆ ಕಡೆ ದೇವ್ ಟಿಬ್ಬಾ, ಇಂದ್ರಾಸನ ಶಿಖರಗಳು. ನನಗೆ ಅಳು ಬಂತು. ಬೆವರು ಒರೆಸಲು ಕನ್ನಡಕ ತೆಗೆಯಲು ಹೋದರೆ ಗೈಡ್ ಕೈ ಹಿಡಿದು ತಡೆದರು. ಆ ಬಿಸಿಲು ಹಿಮಕ್ಕೆ ಬಡಿದು ಕಣ್ಣನ್ನು ಸುಡುತ್ತದೆ, ಉರಿ ಗೊತ್ತಾಗುವುದು ಗಂಟೆಗಳ ನಂತರ.

ಇಳಿಯುವುದನ್ನು ಹಗುರವಾಗಿ ನೋಡಬೇಡಿ. ಮೈ ಸೋತಿರುತ್ತದೆ, ಹಿಮ ಮೆತ್ತಗಾಗಿರುತ್ತದೆ. ಕಲಿತ ಪಾಠ ಒಂದು ಕಡೆ ನನಗೆ ಬೇಕೇ ಆಯಿತು. ಜಾರಿದೆ, ಮಗುಚಿದೆ, ಕೊಡಲಿ ಕಚ್ಚಿತು, ನಿಂತೆ. ಹಗ್ಗದಲ್ಲಿದ್ದ ಎಲ್ಲರೂ ಆ ಹೊತ್ತಿಗೆ ತಮ್ಮ ಕೊಡಲಿ ಊರಿ ಆಗಿತ್ತು. ಕೆಳಗೆ ಬಂದಾಗ ಅಣ್ಣನ ಮಗ ಬಕರ್‌ಥಾಚ್‌ನಿಂದ ಅರ್ಧ ದಾರಿ ಎದುರು ನಡೆದು ಬಂದಿದ್ದ, ಬಿಸಿ ಚಹಾದ ಫ್ಲಾಸ್ಕ್ ಹಿಡಿದುಕೊಂಡು.

ಅವನು ಮುಂದಿನ ಸೆಪ್ಟೆಂಬರಿಗೆ ಹೆಸರು ಕೊಟ್ಟಿದ್ದಾನೆ. ಅದೇ ಶಿಖರ, ಅದೇ ಗೈಡ್. ಮನಾಲಿಯಲ್ಲಿ ಎರಡು ರಾತ್ರಿ ಹೆಚ್ಚು ನಿಲ್ಲುವುದು ಎಂದು ಈಗಲೇ ಮಾತಾಗಿದೆ. ಭಾನುವಾರ ಪೊಸಡಿಗುಂಪೆಗೆ ಹೋಗುವಾಗ ನನ್ನ ಹಿಂದೆಯೇ ಬರುತ್ತಾನೆ, ಮುಂದೆ ಓಡುವುದಿಲ್ಲ. ಈ ಸಲ ಡಾಕ್ಟರನ್ನು ಕಂಡಾಗ ಹಿಂದೆ ಆದದ್ದನ್ನೆಲ್ಲ ಹೇಳಿ, ಮಾತ್ರೆ ಯಾವಾಗಿನಿಂದ ತೆಗೆದುಕೊಳ್ಳಬೇಕು ಎಂದು ಬರೆಸಿಕೊಂಡು ಬಂದಿದ್ದಾನೆ.