ಪೆಟ್ ಸ್ಕ್ಯಾನ್‌ಗೆ ಹೊರಡುವ ಮುನ್ನ: ಕಷಾಯವೂ ಬೇಡ, ಕವಳವೂ ಬೇಡ

ಗರ್ಭಕಂಠದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾದ ಮೇಲೆ, ಅದು ಎಲ್ಲೆಲ್ಲಿ ಹರಡಿದೆ ಎಂದು ನೋಡಲು ವೈದ್ಯರು ಪೆಟ್-ಸಿಟಿ ಸ್ಕ್ಯಾನ್ ಬರೆದುಕೊಡುವುದುಂಟು. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಹೊರಟವರಿಗೆ ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದಷ್ಟೇ ಹೇಳಿರುತ್ತಾರೆ. ಕಾರಣ ಗೊತ್ತಿದ್ದರೆ ತಪ್ಪು ಕಡಿಮೆ.

ಮಾಮೂಲಿ ಜೀವಕೋಶ ಒಂದು ಗ್ಲೂಕೋಸ್ ಅಣುವನ್ನು ತನ್ನೊಳಗಿನ ಶಕ್ತಿಮನೆಯಾದ ಮೈಟೊಕಾಂಡ್ರಿಯದ ನೆರವಿನಿಂದ ಆಮ್ಲಜನಕದಲ್ಲಿ ಪೂರ್ತಿ ಉರಿಸಿ ಸುಮಾರು 30 ಎಟಿಪಿ (ಕೋಶ ಖರ್ಚುಮಾಡುವ ಶಕ್ತಿಯ ನಾಣ್ಯ) ಪಡೆಯುತ್ತದೆ. ಇದೇ ಕೋಶದ ಉಸಿರಾಟ. ಅನೇಕ ಕ್ಯಾನ್ಸರ್ ಕೋಶಗಳು ಆಮ್ಲಜನಕ ಇದ್ದರೂ ಅದನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿಬಿಡುತ್ತವೆ; ಸಿಗುವುದು 2 ಎಟಿಪಿ. ಆದ್ದರಿಂದ ಅವು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ. 1920ರ ದಶಕದಲ್ಲಿ ಇದನ್ನು ಕಂಡ ಜರ್ಮನ್ ವಿಜ್ಞಾನಿ ಆಟೊ ವಾರ್ಬರ್ಗ್, ಕೋಶದ ಉಸಿರಾಟವೇ ಕೆಟ್ಟಿದೆ ಎಂದು ವಾದಿಸಿದ್ದರು. ಆದರೆ ಬಹುತೇಕ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯ ಕೆಟ್ಟು ನಿಂತಿರುವುದಿಲ್ಲ, ಕೆಲಸದ ವರಸೆ ಬದಲಾಗಿರುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ಹೆಚ್ಚಾಗಿ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಇ6 ಎಂಬ ಪ್ರೋಟೀನ್, ಗಡ್ಡೆ ಬೆಳೆಯದಂತೆ ಕಾಯುವ ಪಿ53 ಎಂಬ ಪ್ರೋಟೀನನ್ನು ನಾಶಮಾಡುತ್ತದೆ; ಆ ಪಿ53 ಈ ಉಸಿರಾಟಕ್ಕೂ ಒತ್ತಾಸೆಯಾಗಿರುವಂಥದ್ದು. (ಸಕ್ಕರೆ ಬಿಟ್ಟರೆ ಗಡ್ಡೆ ಕರಗುತ್ತದೆ ಎನ್ನುವವರ ಮಾತು ಮಾತ್ರ ಕೇಳಬೇಡಿ.)

ಸ್ಕ್ಯಾನ್‌ನಲ್ಲಿ ಚುಚ್ಚುವುದು ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್; ಅದು ಸೇರಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಕೋಶ ಅದನ್ನು ಒಳಗೆಳೆದುಕೊಳ್ಳುತ್ತದೆ, ಉರಿಸಲಾಗದೆ ಇಟ್ಟುಕೊಳ್ಳುತ್ತದೆ. ಬೇರೆ ಅಂಗಗಳೂ ಎಳೆದುಕೊಂಡರೆ ಚಿತ್ರ ಕಲಸಿಹೋಗುತ್ತದೆ.

ದಿನಾಂಕ ಗೊತ್ತುಮಾಡುವಾಗ ಮುಟ್ಟು ಇನ್ನೂ ನಿಲ್ಲದವರು ಕಡೆಯ ಮುಟ್ಟಿನ ದಿನ ತಿಳಿಸಿ. ಮುಟ್ಟಿನ ದಿನಗಳಲ್ಲಿ ಗರ್ಭಕೋಶದ ಒಳಪದರ, ಅಂಡಾಣು ಬಿಡುವ ಹೊತ್ತಿಗೆ ಅಂಡಾಶಯ, ಕ್ಯಾನ್ಸರ್ ಇಲ್ಲದೆಯೂ ಹೊಳೆಯುತ್ತವೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರ ಕರುಳು ಜೋರಾಗಿ ಬೆಳಗಿ ಪಕ್ಕದ ದುಗ್ಧಗ್ರಂಥಿಗಳನ್ನು (ಕ್ಯಾನ್ಸರ್ ಹರಡಬಹುದಾದ ಗಂಟುಗಳನ್ನು) ಮರೆಮಾಡುವುದರಿಂದ, ಕೆಲವು ಕಡೆ 48 ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ವೈದ್ಯರನ್ನು ಕೇಳದೆ ನೀವೇ ನಿಲ್ಲಿಸಬೇಡಿ. ರಕ್ತದ ಸಕ್ಕರೆ 200 ಮಿ.ಗ್ರಾಂ. ದಾಟಿದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ.

ಹಿಂದಿನ ದಿನ ಅಡಿಕೆ ಗೊನೆ ಹೊರುವುದು, ಸೊಪ್ಪು ತರುವುದು ಬಿಡಿ. ದಣಿದ ಸ್ನಾಯು ಸಕ್ಕರೆ ಎಳೆಯುತ್ತದೆ. ಸ್ಕ್ಯಾನ್‌ಗೆ ಮುಂಚಿನ 6 ಗಂಟೆ ಬರೀ ನೀರು. ಬೆಲ್ಲ ಹಾಕಿದ ಕಷಾಯ ಊಟದ ಲೆಕ್ಕವೇ. ಆಗುಂಬೆ ಘಾಟಿಯಲ್ಲಿ ವಾಂತಿ ಬರದಿರಲೆಂದು ಬಾಯಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟೂ ಅಷ್ಟೇ. ಕವಳ (ಎಲೆ-ಅಡಿಕೆ) ಜಗಿದರೆ ದವಡೆಯ ಸ್ನಾಯು ಹೊಳೆಯುತ್ತದೆ.

ಮಳೆಗಾಲವಾದರೆ ಸ್ವೆಟರ್, ಕಾಲುಚೀಲ, ಶಾಲು ಬೇಕೇ ಬೇಕು. ಚಳಿಗೆ ಕುತ್ತಿಗೆ, ಭುಜದ ಕಂದು ಕೊಬ್ಬು ಎಚ್ಚರಗೊಳ್ಳುತ್ತದೆ. ಮೈಟೊಕಾಂಡ್ರಿಯ ತುಂಬಿರುವುದರಿಂದಲೇ ಆ ಬಣ್ಣ. ಮೈ ಬೆಚ್ಚಗಿಡಲು ಅದೂ ಗ್ಲೂಕೋಸ್ ಉರಿಸುತ್ತದೆ. ಅದರ ಹೊಳಪಿನಲ್ಲಿ ಕುತ್ತಿಗೆಯ ಗ್ರಂಥಿಗಳನ್ನು ಗುರುತಿಸುವುದು ಕಷ್ಟ.

ಬಸ್ಸು ತಡವಾದರೆ ತಕ್ಷಣ ಫೋನ್ ಮಾಡಿ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ, ನಿಮಗಾಗಿ ತರಿಸಿದ್ದು ಕಾಯುವುದಿಲ್ಲ. ಇಂಜೆಕ್ಷನ್ ಆದಮೇಲೆ ಸುಮಾರು ಒಂದು ಗಂಟೆ ಮಾತಿಲ್ಲದೆ ಮಲಗಿರಬೇಕು. ಒಳಗೆ ಕರೆಯುವ ಮುನ್ನ ತಪ್ಪದೆ ಮೂತ್ರ ಮಾಡಿ ಬನ್ನಿ: ಮದ್ದು ಮೂತ್ರದಲ್ಲೇ ಹೊರಹೋಗುವುದರಿಂದ ತುಂಬಿದ ಚೀಲದ ಬೆಳಕಿಗೆ ಹಿಂದೆಯೇ ಇರುವ ಗರ್ಭಕಂಠ ಮುಚ್ಚಿಹೋಗುತ್ತದೆ.

ಆ ದಿನ ನೀರು ಚೆನ್ನಾಗಿ ಕುಡಿಯಿರಿ. ಬಸುರಿಯರು, ಹಸುಗೂಸುಗಳಿಂದ ಕೆಲವು ಗಂಟೆ ದೂರವಿರಿ. ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ, ಸೋಂಕೂ ಹೊಳೆಯುತ್ತದೆ. ರಿಪೋರ್ಟಿನ ಜೊತೆ ಸಿ.ಡಿ. ಕೇಳಿ ತನ್ನಿ. ರೇಡಿಯೇಷನ್ ಮುಗಿದು ಸುಮಾರು 3 ತಿಂಗಳಿಗೆ ಮಾಡುವ ಸ್ಕ್ಯಾನನ್ನು ಅದರ ಪಕ್ಕದಲ್ಲಿಟ್ಟೇ ನೋಡುತ್ತಾರೆ.