ದೋಟಿ ಹಿಡಿದ ಭುಜ ಮತ್ತು ಫಿಸಿಯೋಥೆರಪಿ: ನನ್ನ ಅನುಭವ

ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ಕೋಲು, ಅಂದರೆ ದೋಟಿ, ಬಂದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮಂಥ ಸಣ್ಣ ಅಡಿಕೆ ತೋಟದವರಿಗೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ತೆಗೆಯುವವರಿಗಾಗಿ ಕಾಯುವುದು ತಪ್ಪಿದೆ. ಮರದಿಂದ ಬೀಳುವ ಭಯವೂ ಇಲ್ಲ. ಆದರೆ ದಿನವಿಡೀ ಕೈಯೆತ್ತಿ 60 ಅಡಿ ಕೋಲನ್ನು ನಿಭಾಯಿಸುವುದು ಭುಜಕ್ಕೆ ಹೊಸ ಕೆಲಸ. ಕೊಯ್ಲು ಮುಗಿಯುವ ಹೊತ್ತಿಗೆ ನನಗೆ ಅಂಗಿ ಹಾಕಿಕೊಳ್ಳುವುದೇ ಕಷ್ಟವಾಯಿತು. ಬಲಮಗ್ಗುಲಲ್ಲಿ ಮಲಗಿದರೆ ನಿದ್ದೆಯಿಲ್ಲ.

"ಎಣ್ಣೆ ಹಚ್ಚಿ ತಿಕ್ಕಿಸ್ಕೊ ಮಾರಾಯ, ಉಳುಕಿರ್ತದೆ" ಎಂದರು ಪಕ್ಕದ ತೋಟದವರು. ನಾನು ಮೊದಲು ಮೂಳೆ ಡಾಕ್ಟರಿಗೆ ತೋರಿಸಿದೆ. ಬಿದ್ದ ಮೇಲೆ ಕೈ ಎತ್ತಲೇ ಆಗದಿದ್ದರೆ, ಬೆರಳು ಜೋಮು ಹಿಡಿದರೆ, ಜ್ವರವಿದ್ದರೆ ವ್ಯಾಯಾಮದ ಮಾತೇ ಬೇಡ, ಡಾಕ್ಟರೇ ನೋಡಬೇಕು. ಭುಜನೋವಿನ ಜೊತೆ ಎದೆ ಬಿಗಿದರಂತೂ ತಕ್ಷಣ ಆಸ್ಪತ್ರೆ. ನನಗೆ ಅದ್ಯಾವುದೂ ಇರಲಿಲ್ಲ. ಭುಜದ ಕೀಲನ್ನು ಸುತ್ತಿ ಹಿಡಿಯುವ ನಾಲ್ಕು ಸ್ನಾಯುಗಳಲ್ಲಿ ಮೇಲಿನದರ ರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಗಟ್ಟಿ ಪಟ್ಟಿ) ಕೆಲಸದ ಭಾರಕ್ಕೆ ನೊಂದಿದೆ ಎಂದರು ಡಾಕ್ಟರು.

ಫಿಸಿಯೋ ಹುಡುಕುವುದೇ ದೊಡ್ಡ ಕೆಲಸ. ಶಿವಮೊಗ್ಗದಲ್ಲಿ ಮೊದಲು ಹೋದ ಕಡೆ ಭುಜ ಮುಟ್ಟಿಯೂ ನೋಡದೆ, ಕರೆಂಟ್ ಪ್ಯಾಡ್ ಹಚ್ಚುತ್ತೇವೆ, ಹತ್ತು ದಿನ ಬನ್ನಿ, ಇಷ್ಟು ಪ್ಯಾಕೇಜ್ ಎಂದರು. ದಿನಾ 60 ಕಿಲೋಮೀಟರ್ ಹೋಗಿ ಅಷ್ಟೇ ದೂರ ಬಂದು ಪ್ಯಾಡ್ ಹಚ್ಚಿಸಿಕೊಂಡರೆ ಬಸ್ಸಿನವರಿಗೆ ಲಾಭ. ಎರಡನೆಯ ಕಡೆ ಇದ್ದ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದ ಮೇಡಂ ಮೂಲೆಯಲ್ಲಿದ್ದ ಕೋಲು ಕೊಟ್ಟು, "ದೋಟಿ ಹೆಂಗೆ ಹಿಡೀತೀರಿ, ತೋರ್ಸಿ" ಎಂದರು. ಆಮೇಲೆ ನನ್ನ ಕೈಯನ್ನು ಸಡಿಲ ಬಿಡಿಸಿ ಅವರೇ ಎತ್ತಿದರು. ಪೂರ್ತಿ ಮೇಲೆ ಹೋಯಿತು. ಅಂದರೆ ಕೀಲು ಬಿಗಿದಿಲ್ಲ, ಸ್ನಾಯುವಿಗೆ ಶಕ್ತಿ ಸಾಲದು. ಇವರ ಹತ್ತಿರವೇ ತೋರಿಸಿಕೊಳ್ಳುವುದು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಊರಿಂದ ದೂರ ಇರುವವರಿಗೆ ಧೈರ್ಯ ಕೊಡುವ ಸಂಗತಿಯೊಂದಿದೆ. ಇಂಥದೇ ಭುಜನೋವಿನ 708 ಜನರ ಮೇಲೆ ಬ್ರಿಟನ್‌ನಲ್ಲಿ ನಡೆದ ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದೇ ಸಲ ಕೂತು ಸರಿಯಾಗಿ ಹೇಳಿಸಿಕೊಂಡು ಮನೆಯಲ್ಲಿ ವ್ಯಾಯಾಮ ಮಾಡಿದವರಿಗೂ, ಆರು ಸಲದವರೆಗೆ ಹೋದವರಿಗೂ ವರ್ಷದ ಕೊನೆಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ನಿಂದ 8 ವಾರದ ಹೊತ್ತಿಗೆ ತುಸು ಆರಾಮ ಸಿಕ್ಕಿತ್ತು. ವರ್ಷಕ್ಕೆ ಅದೂ ಉಳಿಯಲಿಲ್ಲ. ಹಾಗಾಗಿ ಹೇಳಿಕೊಡುವವರನ್ನು ಆರಿಸಿ, ಮೆಷಿನ್ ಎಷ್ಟಿದೆ ಅಂತ ಎಣಿಸಬೇಡಿ.

ನನಗೆ ಕೊಟ್ಟದ್ದು ಸರಳ. ಮೊದಲು ಮೊಣಕೈ ಮಡಿಸಿ, ಮುಂಗೈಯ ಹೊರಮೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯುವುದು, ಐದು ಸಲ. ಕೈ ಅಲ್ಲಾಡಬಾರದು. ನೋವು ಹಿಡಿತಕ್ಕೆ ಬಂದ ಮೇಲೆ ಕಂಬಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಪಕ್ಕೆ ಮತ್ತು ಮೊಣಕೈ ನಡುವೆ ಸುತ್ತಿದ ಟವೆಲ್ ಇಟ್ಟು, ಮುಂಗೈಯನ್ನು ಹೊರಗೆ ಎಳೆಯುವುದು. ನಾನು ಹಳೆ ಸೈಕಲ್ ಟ್ಯೂಬ್ ಸೀಳಿಕೊಂಡೆ, ಅದೇ ಸಾಕು. ಜೊತೆಗೆ ಗೋಡೆಗೆ ಕೈಯೂರಿ ದಂಡ ಹೊಡೆಯುವುದು. ಕೊನೆಗೆ ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತುವುದು. ಬಹಳ ಜನ ಬಿಡುವುದು ಇದನ್ನೇ, ದೋಟಿಗೆ ಬೇಕಾದದ್ದೂ ಇದೇ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಕಡಿಮೆ ಮಾಡಬೇಕು, ಪೂರ್ತಿ ನಿಲ್ಲಿಸಬಾರದು. ರಜ್ಜು ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕೆಂದು ಮೊದಲೇ ಹೇಳಿದ್ದರಿಂದ ಬೇಸರಿಸಲಿಲ್ಲ. ಈ ವರ್ಷ ಕೊನೆ ಹಿಡಿಯುವವರ ಜೊತೆ ಸರದಿ ಮಾಡಿಕೊಂಡು ದೋಟಿ ಹಿಡಿದೆ.

ಇದನ್ನು ನೋಡಿ ನಮ್ಮತ್ತಿಗೆಯೂ ಟ್ಯೂಬ್ ಎಳೆಯಲು ಶುರು ಮಾಡಿದ್ದರು. ಅವರ ಕೈಯನ್ನು ಬೇರೆಯವರು ಎತ್ತಿದರೂ ಮೇಲೆ ಹೋಗುವುದಿಲ್ಲ. ಅದು ಫ್ರೋಜನ್ ಶೋಲ್ಡರ್, ಅಂದರೆ ಕೀಲೇ ಬಿಗಿದುಕೊಳ್ಳುವುದು, ಸಕ್ಕರೆ ಕಾಯಿಲೆ ಇರುವವರಿಗೆ ಹೆಚ್ಚು ಬರುತ್ತದೆ, ಮೆತ್ತಗೆ ಚಾಚಿಸುವ ಬೇರೆ ವ್ಯಾಯಾಮ ಬೇಕು. ಟ್ಯೂಬ್ ಕಸಿದುಕೊಂಡು, ಮೊದಲು ರಕ್ತ ಪರೀಕ್ಷೆಗೆ ಕಳಿಸಿದೆ.