ಬ್ಯಾಂಕಾಕ್‌ನಲ್ಲಿ ಸೂಟ್ ಹೊಲಿಸುವವರಿಗೆ

ಬ್ಯಾಂಕಾಕ್‌ನಲ್ಲಿ ಸೂಟ್ ಹೊಲಿಸುವ ಆಸೆ ಇದ್ದರೆ ಇಳಿದ ಮರುದಿನವೇ ಅಳತೆ ಕೊಟ್ಟುಬಿಡಿ. ಸುಖುಮ್ವಿತ್ ರಸ್ತೆಯಲ್ಲಿ ಟೈಲರ್ ಅಂಗಡಿಗಳು ಬೇಕಾದಷ್ಟಿವೆ, ಎಷ್ಟೋ ಕಡೆ ಮಾಲೀಕರು ಭಾರತ ಮೂಲದವರೇ. ಟುಕ್‌ಟುಕ್‌ನವರು (ಅಲ್ಲಿನ ಆಟೋದವರು) ತಾವಾಗಿ ಕರೆದೊಯ್ಯುವ ಅಂಗಡಿ ಮಾತ್ರ ಬೇಡ. ಅವರ ಕಮಿಷನ್ ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ. '24 ಗಂಟೆಯಲ್ಲಿ ಸೂಟ್' ಅನ್ನೋ ಬೋರ್ಡನ್ನೂ ನಂಬಬೇಡಿ. ಕನಿಷ್ಠ 2 ಟ್ರಯಲ್ ಆಗಲೇಬೇಕು.

ಅಂಗಡಿಯಲ್ಲಿ ಹೊಲಿದಿಟ್ಟ ಕೋಟು ಇದ್ದರೆ ಮುಟ್ಟಿ ನೋಡಿ. ಗುಂಡಿಯ ಹತ್ತಿರ ಹೊರಬಟ್ಟೆ, ಲೈನಿಂಗ್ ಎರಡನ್ನೂ ಚಿವುಟಿ ಎಳೆಯಿರಿ. ನಡುವೆ ಇನ್ನೊಂದು ಪದರ ಸಡಿಲವಾಗಿ ಬೆರಳಿಗೆ ಸಿಕ್ಕಿದರೆ ಅದು ಕ್ಯಾನ್ವಾಸ್, ಅಂದರೆ ಕೋಟಿಗೆ ಆಕಾರ ಕೊಡಲು ಹೊಲಿದು ಕೂರಿಸುವ ಒಳಬಟ್ಟೆ. ಅಂಥ ಕೋಟು ಜಾಸ್ತಿ ವರ್ಷ ಬಾಳುತ್ತದೆ. ಸಿಗದಿದ್ದರೆ ಒಳಪದರ ಬಹುಶಃ ಅಂಟಿಸಿದ್ದು.

ಟ್ರಯಲ್‌ನಲ್ಲಿ ಕನ್ನಡಿ ಮುಂದೆ ಸುಮ್ನೆ ನಿಲ್ಲಬೇಡಿ. ಕೂತು, ಕೈ ಎತ್ತಿ, ಭುಜದಲ್ಲಿ ಬಿಗಿಯಾಗುತ್ತದೆಯೇ ಎಂದು ನೋಡಿ. ಬಾಕಿ ದುಡ್ಡು ಕೊನೆಯ ಟ್ರಯಲ್ ಆದಮೇಲೆಯೇ ಕೊಡಿ.